ಉಜ್ಜಿನಪ್ಪ ನೋಡಿದ ಅಂಕಿ

ಕಂಪ್ಲಿಯ ಅಂಗಡಿಕಾರರಿಗೆ ತಕ್ಕಡಿ ರಿಪೇರಿಯ ಉಜ್ಜಿನಪ್ಪನೆಂದರೆ ಒಂದಿಷ್ಟು ತಮಾಷೆ, ಬಹಳಷ್ಟು ನಂಬಿಕೆ. ಎಲೆಕ್ಟ್ರಾನಿಕ್ ಕಾಟಾ ತೂಕ ತಪ್ಪು ತೋರಿಸುತ್ತದೆಂದು ಕರೆದರೆ ಈ ಮನುಷ್ಯ ಕಾಟಾದ ಕಡೆ ತಿರುಗಿಯೂ ನೋಡದೆ ನೇರ ಗೋಡೆಯ ಪ್ಲಗ್ಗಿನ ಹತ್ತಿರ ಹೋಗಿ ಕೂರುವನು. "ಮೊದ್ಲ ಕರೆಂಟ್ ಶುದ್ಧ ಇರ್ಬೇಕ್ರಿ, ಸಾವ್ಕಾರ್ರ. ಫ್ರಿಜ್ಜಿನ ಲೈನಿಗೇ ಕಾಟಾ ಹಚ್ಚಿದ್ರ ಅದು ಬಾಯಿಗೆ ಬಂದಂಗ ಮಾತಾಡ್ತದ" ಎನ್ನುವನು. ಬೇಸಿಗೆ ಬಂತೆಂದರೆ ಬಂಗಾರದಂಗಡಿಗಳ ಕರೆಂಟಿನ ಅರ್ತ್ ತಂತಿ ಹೂತ ಗುಂಡಿಗೆ ತಾನೇ ಉಪ್ಪು ಸುರಿದು ಕೊಡ ನೀರು ಹೊಯ್ಯುವನು. ಅಕ್ಕಪಕ್ಕದವರು "ಉಜ್ಜಿನಪ್ಪನ ಎರಡನೇ ಲಿಂಗಪೂಜಿ ಶುರುವಾತು" ಎಂದು ಕಾಡಿಸಿದರೆ ಅವನಿಗೂ ನಗು.

ಇಂಥವನ ಮಗಳು ಐಶ್ವರ್ಯಗೆ ಹೊಸಪೇಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣು ಕೂಸು, ಹಿಡಿಯಷ್ಟು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು; ತಾಯಿ ಜ್ವರ ಹತ್ತಿ ಬೇರೆ ಕೋಣೆಯಲ್ಲಿ ಕಣ್ಣು ಬಿಡಲಾರದೆ ಮಲಗಿದಳು. ಅಳಿಯನಿಗೆ ಸಂಡೂರಿನ ಗಣಿಯಲ್ಲಿ ರಜೆ ಸಿಗಲಿಲ್ಲ. ಕೂಸಿನ ಹತ್ತಿರ ಒಬ್ಬರನ್ನಷ್ಟೇ ಬಿಡುತ್ತಿದ್ದರು, ಆ ಒಬ್ಬ ಉಜ್ಜಿನಪ್ಪನಾದ. "ತೂಕ ಏರಿದ್ರ ಕೂಸು ಉಳಿದಂಗ, ಕಾಕಾ" ಎಂದು ನರ್ಸ್ ಸುನಿತಾ ಹೇಳಿದ್ದಳು.

ತೂಕ ಏರತೊಡಗಿತು. ಬೆಳಿಗ್ಗೆ ಸುನಿತಾ ಕೂಸನ್ನು ಕಾಟಾದ ಮೇಲಿಡುವಾಗ ಅವನು ಉಸಿರು ಬಿಗಿಹಿಡಿದು ಕೆಂಪು ಅಂಕಿ ನೋಡುವನು. ಏರಿತೆಂದರೆ ಸಾಕು, ಮಗಳ ಕೋಣೆಗೆ ಓಡುವನು. "ಇವತ್ತೂ ಏರೇತವ್ವ!" ಐಶ್ವರ್ಯ ಕಣ್ಣು ಮುಚ್ಚಿಕೊಂಡೇ ನಗುವಳು. ಕಾಟಾದ ಅಂಕಿ ಒಂಚೂರು ನಡುಗುತ್ತಿತ್ತು. ಯಾರದೇ ಅಂಗಡಿಯಲ್ಲಾಗಿದ್ದರೆ ಅವನು ಆಗಲೇ ಗೋಡೆಯ ಪ್ಲಗ್ಗಿಗೆ ಬಗ್ಗಿರುತ್ತಿದ್ದ. ಇಲ್ಲಿ ಅಜ್ಜನಾಗಿ ನಿಂತಿದ್ದ, ಪಾಪ, ಖುಷಿಗೆ ಬುದ್ಧಿ ಮಂಕಾಗಿತ್ತು.

ಆಮೇಲೊಂದು ದಿನ ಸುನಿತಾಳೇ ಹುಬ್ಬು ಗಂಟಿಕ್ಕಿದಳು. "ಕಾಕಾ, ಎಸಿ ಬಂದ್ ಆದ ಕೂಡ್ಲೆ ತೂಕ ಇಳಿದು ತೋರಿಸ್ತದಲ್ರಿ?" ಉಜ್ಜಿನಪ್ಪ ಗೋಡೆಯ ಪ್ಲಗ್ಗಿಗೆ ಓಡಿದ. ಬಗ್ಗಿ ನೋಡಿದ. ಕಾಟಾ ಎಸಿಯ ಲೈನಿನಲ್ಲೇ ಇತ್ತು, ಅರ್ತ್ ತಂತಿ ಕಳಚಿ ಜೋತಾಡುತ್ತಿತ್ತು. ಬೇರೆ ಲೈನು ಎಳೆದು, ಅರ್ತ್ ಬಿಗಿದು, ನಡುವೆ ಸ್ಟೆಬಿಲೈಸರ್ ಕೂರಿಸಿದ. ಅಂಕಿ ಈಗ ಅಲುಗಾಡದೆ ನಿಂತಿತು. ಕೂಸು ಹುಟ್ಟಿದಾಗಿನದಕ್ಕಿಂತ ಹಗುರಾಗಿತ್ತು.

ಡಾಕ್ಟರು ಅವಸರದಿಂದ ಬಳ್ಳಾರಿಗೆ ಕಳಿಸಿದರು. ಕೂಸು ಅಲ್ಲಿ ಉಳಿಯಲಿಲ್ಲ. ಇನ್ನೊಂದಿಷ್ಟು ಮೊದಲೇ ತಂದಿದ್ದರೆ ಎಂದು ಅಲ್ಲಿಯವರು ಉಜ್ಜಿನಪ್ಪನಿಗೆ ಅರ್ಧ ಮಾತು ಅಂದರು. ಐಶ್ವರ್ಯಗೆ ತಿಳಿಯುವ ಮೊದಲೇ ಮಣ್ಣೂ ಆಯಿತು.

ಜ್ವರ ಬಿಟ್ಟು ಕಂಪ್ಲಿಗೆ ಬಂದ ಮಗಳು ಅಪ್ಪನನ್ನು ಬೈಯಲಿಲ್ಲ. ಕಾಟಾದ ವಿಷಯ ಅವನೇ ಅಳುತ್ತ ಹೇಳಿದಾಗಲೂ ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಒಂದು ಮಾತು ಕೇಳಿದಳು, ಅಷ್ಟೇ.

"ನಾ ಒಂದ್ಸಲನೂ ಕಣ್ತುಂಬ ನೋಡ್ಲಿಲ್ಲಪ್ಪ. ನೀ ದಿನಾ ನೋಡ್ತಿದ್ದಿ ಅಲ್ಲ, ಯಾರಂಗಿತ್ತು ನನ್ ಕೂಸು?"

ಉಜ್ಜಿನಪ್ಪ ಬಾಯಿ ತೆರೆದ. ಮುಖ ನೆನಪಿಗೆ ಬರಲಿಲ್ಲ. ಎಷ್ಟು ತಡಕಾಡಿದರೂ ಕಣ್ಣ ಮುಂದೆ ಬಂದದ್ದು ಬರೀ ಕೆಂಪು ಅಂಕಿಗಳು.

"ನಿನ್ನಂಗ ಇತ್ತವ್ವ" ಎಂದು ಸುಳ್ಳು ಹೇಳಿದ.