ಗೋಡೆಯಾಚೆಯ ರೊಟ್ಟಿ ಬಡಿತ

ಎಲ್ಲವೂ ಹೀಗೆಯೇ ನಡೆಯಿತೆಂದು ಆಣೆ ಮಾಡಲಾರೆ. ವಿಶ್ವವಿದ್ಯಾಲಯದಲ್ಲಿ ಕಲಿತದ್ದೇ ಅನುಮಾನಪಡುವುದನ್ನು. ಈಗ ನನ್ನ ನೆನಪಿನ ಮೇಲೂ ನನಗೆ ಅನುಮಾನ.

ತೊಂಬತ್ತರ ದಶಕದ ಕೊನೆ. ಕೇಶ್ವಾಪುರದಲ್ಲಿ ನಮಗೂ ಪಕ್ಕದ ಮನೆಯ ಹಿರಿಯಾಕೆ ಕಾಕೂಗೂ ನಡುವೆ ಒಂದೇ ಗೋಡೆ. ಕೀಲುವಾತದಿಂದ ಕಾಕೂ ಬೆರಳು ಸೆಟೆದು, ಎರಡು ವರ್ಷದಿಂದ ರೊಟ್ಟಿ ಬಡಿಯುವುದು ಸೊಸೆಯ ಪಾಲಾಗಿತ್ತು. ನೋವಿಗಿಂತ ಅವರಿಗೆ ಅದೇ ದೊಡ್ಡ ಸಂಕಟ. ಆ ಕೀಲುವಾತಕ್ಕೆಂದೇ ಡಾಕ್ಟರು ವಾರಕ್ಕೆ ಮೂರು ದಿನ ಆಂಟಿಬಯಾಟಿಕ್ ಗುಳಿಗೆ ಕೊಟ್ಟಿದ್ದರು, ತಿಂಗಳುಗಟ್ಟಲೆ.

“ಜ್ವರದ ಗುಳಿಗಿ ನುಂಗಿದ್ರ ಬೆರಳು ಬಾಗತಾವೇನ್ರಿ ಕಾಕೂ?” ಎಂದು ಕೆಣಕುತ್ತಿದ್ದೆ.

“ತಡಿಯೋ ಶಾಣ್ಯಾ, ನೋಡೂಣು,” ಎಂದು ಅವರು ಎರಡೂ ಅಂಗೈ ನಡುವೆ ಗುಳಿಗೆ ಹಿಡಿದು ಬಾಯಿಗೆ ಎಸೆದುಕೊಳ್ಳುತ್ತಿದ್ದರು.

ಗುಳಿಗೆ ಶುರುವಾಗಿ ಹತ್ತನೆಯ ತಿಂಗಳಿರಬೇಕು. ಬೆಳಿಗ್ಗೆ ಗೋಡೆಯಾಚೆ ಪಟಪಟ ಸದ್ದು. ಸೊಸೆಯ ಬಡಿತ ಒಂದೇ ಸಮ; ಇದು ನಿಂತು ನಿಂತು ಓಡುತ್ತಿತ್ತು. ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿದೆ. ಕಾಕೂ ಮೂಗಿಗೆಲ್ಲ ಹಿಟ್ಟು, ಹಲಗೆಯ ಮೇಲೆ ಭೂಪಟದಂಥ ರೊಟ್ಟಿ.

“ದುಂಡಗ ಎಲ್ಲೈತ್ರಿ?”

“ನಿನಗ ತಿನ್ನಾಕ ಬೇಕೋ, ಪಟ್ಟಿ ಹಿಡದು ಅಳಿಯಾಕ ಬೇಕೋ?”

ಇಬ್ಬರೂ ನಕ್ಕು ನಕ್ಕು, ಹಂಚಿನ ಮೇಲಿನ ರೊಟ್ಟಿ ಕರಕಲಾಯಿತು.

ಗುಳಿಗೆಯ ಗುಣವೋ, ಕಾಲದ ಗುಣವೋ, ಇಂದಿಗೂ ತಿಳಿಯದು. ಬಡಿದದ್ದು ಸೊಸೆಯೇ ಇರಬೇಕು, ನನ್ನನ್ನು ಮಂಗ ಮಾಡಲು ಕಾಕೂ ಮೂಗಿಗೆ ಹಿಟ್ಟು ಬಳಿದುಕೊಂಡರೇನೋ ಎಂಬ ಗುಮಾನಿಯೂ ಇತ್ತು. ವರ್ಷಗಳ ಮೇಲೆ ಸೊಸೆಯನ್ನೇ ಕೇಳಿದೆ.

“ಅವತ್ತ ನಾ ಹೆಬ್ಬಳ್ಳಿಯೊಳಗ, ತವರಮನ್ಯಾಗ ಇದ್ದೆ ನೋಡ್ರಿ. ಸಂಜಿಗೆ ಬಂದು ನೋಡಿದ್ರ, ಬುಟ್ಟಿ ತುಂಬ ಸೊಟ್ಟ ರೊಟ್ಟಿ!”