ಪಕೀರಪ್ಪ ಮುಂಬಾಗಿಲಿನಿಂದ ಹೊರಟ ದಿನ

ಇರಕಲ್ಲಗಡದ ಪಕೀರಪ್ಪ ಹೋದ ತಿಂಗಳು ತೀರಿಕೊಂಡ. ಹೆಣವನ್ನು ಮುಂಬಾಗಿಲಿನಿಂದ ಹೊರಗೆ ತಂದರು. ಇಪ್ಪತ್ತೇಳು ವರ್ಷದಲ್ಲಿ ಅವನು ತನ್ನ ಮನೆಯ ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಇದು ನಮ್ಮೂರಿನ ಘನತೆ, ಬರೆದಿಡಬೇಕು.

ಮೊದಲ ದೊಡ್ಡ ಯುದ್ಧಕ್ಕೆ ಅವನು ಕುದುರೆ ದಂಡಿನ ಜೊತೆ ಸಮುದ್ರದಾಚೆ ಹೋಗಿದ್ದ. ಅಲ್ಲಿಂದ ಮರಳಿದ ಪಕ್ಕದೂರಿನವನೊಬ್ಬ, ಪಕೀರಪ್ಪ ಅಲ್ಲೇ ಮಣ್ಣಾದ ಎಂದ. ಅಷ್ಟು ಸಾಕಾಯಿತು. ಹಿರಿಯರು ತಿಥಿ ಮಾಡಿಸಿ, ಅವನ ಹೆಂಡತಿ ಮುದುಕವ್ವನ ಬಳೆ ಒಡೆಸಿದರು. ಎಂಟು ತಿಂಗಳ ಮೇಲೆ ಪಕೀರಪ್ಪ ಕೊಪ್ಪಳದ ಟೇಶನ್ನಿನಲ್ಲಿ ಇಳಿದು, ಕುಂಟುತ್ತ ಬಂದು ಮನೆಯ ಮುಂದೆ ನಿಂತ.

ತಿಥಿಯಾದವನು ಮುಂಬಾಗಿಲಿನಿಂದ ಒಳಗೆ ಬರುವಂತಿಲ್ಲವೆಂದರು. ಮಾಳಿಗೆ ಹತ್ತಿಸಿ, ಬೆಳಕಿಂಡಿಯಿಂದ ಹಗ್ಗ ಕಟ್ಟಿ ಇಳಿಸಿದರು. ಹಗ್ಗ ಹಿಡಿದವರಲ್ಲಿ ನಾನೂ ಒಬ್ಬ. ಅಲ್ಲಿಂದ ಮುಂದೆ ಹಿತ್ತಲಿನ ದನದ ಬಾಗಿಲೇ ಅವನ ಬಾಗಿಲು. ಒಡೆದ ಬಳೆಗೆ ಮಾತ್ರ ಹಿರಿಯರಲ್ಲಿ ದಾರಿ ಇರಲಿಲ್ಲ. ಗಂಡ ಎದುರಿಗೆ ಕೂತು ಉಣ್ಣುತ್ತಿದ್ದರೂ ಮುದುಕವ್ವ ಬರಿಗೈಯಲ್ಲೇ ರೊಟ್ಟಿ ಬಡಿದಳು, ಬರಿಗೈಯಲ್ಲೇ ಮಗ ಕಳಕಪ್ಪನನ್ನು ತೊಟ್ಟಿಲಿಗೆ ಹಾಕಿದಳು. "ಗಂಡ ಸತ್ತಾಕಿ ಹಡದಾಳ ನೋಡ್ರಿ" ಎಂದು ಬಾವಿಕಟ್ಟೆಯಲ್ಲಿ ನಕ್ಕವರು ಇನ್ನೂ ಬದುಕಿದ್ದಾರೆ.

ಪಕೀರಪ್ಪ ಎತ್ತಿನ ಗೊರಸಿಗೆ ನಾಲು ಕಟ್ಟಿ ಸಂಸಾರ ಸಾಕಿದ. ಮೂವತ್ತಾರನೇ ಇಸವಿಯಲ್ಲಿ ಮುದುಕವ್ವ ತೀರಿಕೊಂಡಾಗ ಹನ್ನೆರಡು ಹಸಿರು ಬಳೆ ತಂದು, ತಣ್ಣಗಾದ ಆ ಕೈಗಳಿಗೆ ಒಂದೊಂದೇ ಏರಿಸಿದ. ಆಗ ಯಾರೂ ಬೇಡವೆನ್ನಲಿಲ್ಲ.

ಮುಂದೆ ಮಗನೂ ದಂಡು ಸೇರಿದ. ನಲವತ್ನಾಲ್ಕರಲ್ಲಿ ಬರ್ಮಾ ಗಡಿಯಿಂದ ಕಾಗದ ಬಂತು: ಕಳಕಪ್ಪ ಕಾಣೆಯಾಗಿದ್ದಾನೆ. ಮರುದಿನವೇ ಊರ ಹಿರಿಯ ವಿರುಪಣ್ಣ ಹೆಂಗಸರನ್ನು ಕರೆದುಕೊಂಡು ಬಂದ. ಕಳಕಪ್ಪನ ಹೆಂಡತಿ ಹುಲಗೆಮ್ಮ ಒಲೆಯ ಮುಂದಿದ್ದಳು.

"ಆಗಬೇಕಾದ್ದು ಆಗಿಬಿಡ್ಲಿ ಪಕೀರಪ್ಪ. ಹಿಂಗ ಕುಂತರ ಏನಾಗತೈತಿ?"

"ನಿಮ್ಮ ಪ್ರಕಾರ ನಾನೂ ಸತ್ತಾಂವನ ಅದೀನಲ್ಲೋ. ಸತ್ತಾಂವನ ಕೂಡ ಏನ ಮಾತಾಡಾಕ ಬಂದಿ?"

"ಚಾಷ್ಟಿ ಬ್ಯಾಡ."

"ನನ್ನ ಹೇಣ್ತಿ ಕೈ ನೋಡಿದ್ದಿಲ್ಲೇನು? ಮಗಾ ಸತ್ತಾನಂತ ಕಣ್ಣಾರೆ ಕಂಡಾಂವನ್ನ ಕರಕೊಂಡ ಬಾ. ಅಲ್ಲೀತನಾ ಈಕಿ ಕೈ ಮುಟ್ಟಬ್ಯಾಡ್ರಿ."

ಪ್ರತಿ ಪಂಚಮಿಗೆ ಬಳೆಗಾರ್ತಿ ಕಾಸೀಮಬೀಯನ್ನು ಕರೆಸಿ ಸೊಸೆಗೆ ಹೊಸ ಬಳೆ ತೊಡಿಸಿದ.

ಕಣ್ಣಾರೆ ಕಂಡವನು ಬಂದೇ ಬಂದ. ನಲವತ್ತಾರರಲ್ಲಿ, ಕಳಕಪ್ಪನ ದಂಡಿನಲ್ಲೇ ಇದ್ದ ಗಂಗಾವತಿಯ ಅಬ್ದುಲಸಾಬ. ಹಿತ್ತಲಲ್ಲಿ ಆದ ಮಾತನ್ನು ಅವನೇ ಮೊನ್ನೆ ನನಗೆ ಹೇಳಿದ.

"ನನ್ನ ತೊಡಿ ಮ್ಯಾಲ ಜೀವ ಬಿಟ್ಟ ಕಾಕಾ. ನಾನ ಮಣ್ಣು ಕೊಟ್ಟೆ."

ಪಕೀರಪ್ಪ ಕೈಯಲ್ಲಿದ್ದ ನಾಲಿನ ಮೊಳೆಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟನಂತೆ, ಮತ್ತೆ ಕೂಡಿಸಿದನಂತೆ. "ಒಳಗ ಹೇಳಬ್ಯಾಡಪ. ಆಕಿ ಕೈಯರ ಹಂಗ ಇರ್ಲಿ."

ಹುಲಗೆಮ್ಮ ರೊಟ್ಟಿ ತಂದಳು. ಅಬ್ದುಲಸಾಬ ಮುಟ್ಟದೆ ಎದ್ದುಹೋದ.

ಆ ವರ್ಷವೂ ಪಂಚಮಿಗೆ ಕಾಸೀಮಬೀ ಬಂದಳು. ಈ ವರ್ಷವೂ.

ಪಕೀರಪ್ಪನ ಹೆಣ ಮುಂಬಾಗಿಲಿಗೆ ಬಂದಾಗ ಹೆಂಗಸರು ಹುಲಗೆಮ್ಮನನ್ನು ಸುತ್ತುಗಟ್ಟಿದರು. ಒಬ್ಬಳ ಕೈಯಲ್ಲಿ ಕಲ್ಲಿತ್ತು. "ಕಾಯಾಕ ಹೇಳಿದಾಂವ ಹೋದ. ಇನ್ನ ಯಾರನ್ನ ಕಾಯ್ತಿ?" ಎಂದ ವಿರುಪಣ್ಣ.

"ಯಾರನ್ನೂ ಇಲ್ರಿ," ಎಂದಳು ಅವಳು. "ಗಂಗಾವತಿಯಾಂವ ನನ್ನ ಮಾರಿ ನೋಡಲಾರದ ಹೋದ್ನಲ್ಲ, ಅವತ್ತ ತಿಳೀತು. ನನಗ ತಿಳದೈತಿ ಅಂತ ಮಾವಗ ಗೊತ್ತಾಗಬಾರದಿತ್ತು. ಅದಕ್ಕ ಹಾಕ್ಕೊಂಡಿದ್ದೆ."

ಕಲ್ಲು ಹಿಡಿದವಳನ್ನು ಸರಿಸಿ, ಬಳೆಗಳನ್ನು ಒಡೆಯದೆ ಒಂದೊಂದಾಗಿ ಜಾರಿಸಿ ಮಾವನ ಎದೆಯ ಮೇಲೆ ಇಟ್ಟಳು. ಎಡಗೈಯದೊಂದು ಗೆಣ್ಣಿನಲ್ಲಿ ಸಿಕ್ಕಿ ಬರಲಿಲ್ಲ. ಎಳೆಯಲು ಬಂದವರಿಗೆ ಬಿಡಿ ಎಂದಳು.

ಅದೊಂದು ಇನ್ನೂ ಅವಳ ಕೈಯಲ್ಲಿದೆ. ಅದನ್ನು ಏನು ಮಾಡಬೇಕೆಂದು ಬರುವ ಸೋಮವಾರ ಹಿರಿಯರು ಕೂಡುತ್ತಾರಂತೆ. ಇಪ್ಪತ್ತೇಳು ವರ್ಷದ ಹಿಂದೆ ಹಗ್ಗ ಹಿಡಿದು ಸುಮ್ಮನಿದ್ದ ನಾನೂ ಈ ಸಲ ಹೋಗುತ್ತೇನೆ.