ಶನಿವಾರದ ಅಂಟು

ಉಡುಪಿಯ ಆ ಹೈಸ್ಕೂಲಿನಲ್ಲಿ ಕ್ರಾಫ್ಟ್ ಮಾಸ್ಟರನಾಗಿದ್ದ ನನಗೆ ಇದ್ದದ್ದು ಒಂದು ಕೋಣೆ, ಅದೂ ಪೂರ್ತಿ ನನ್ನದಲ್ಲ. ಬೆಳಿಗ್ಗೆ ಮರಗೆಲಸ, ಮಧ್ಯಾಹ್ನ ಹೊಲಿಗೆ, ಸಂಜೆ ವಿಜ್ಞಾನದ ಮಾದರಿ. ಮೂಲೆಯಲ್ಲಿ ಬಿಸಿಯೂಟದ ಅಕ್ಕಿಮೂಟೆ. ಗರಗಸ, ಸುತ್ತಿಗೆ ಹಂಚುವಷ್ಟರಲ್ಲಿ ಅರ್ಧ ಪೀರಿಯಡ್ ಹೋಗುತ್ತಿತ್ತು, ಉಳಿದರ್ಧ ಅವನ್ನು ವಾಪಸು ಪಡೆಯುವುದರಲ್ಲಿ.

ಎಲ್ಲಕ್ಕಿಂತ ದೊಡ್ಡ ತಲೆನೋವು ಕ್ಲ್ಯಾಂಪ್. ಅಂಟು ಹಚ್ಚಿದ ಮರವನ್ನು ಬಿಗಿಹಿಡಿಯಲು ಇದ್ದದ್ದು ಅದೊಂದೇ. ನಮಗೆ ಸಿಗುತ್ತಿದ್ದ ಹಳೆ ಪೆಟ್ಟಿಗೆಯ ಹಲಗೆಗಳು ಮೊಳೆ ಹೊಡೆದರೆ ಸೀಳುತ್ತಿದ್ದವು. ಅಂಟು ಒಣಗಲು ಒಂದು ರಾತ್ರಿಯಾದರೂ ಬೇಕು. ಆದರೆ ಮುಂದಿನ ಪೀರಿಯಡ್‌ನವರು, ಶಾಲೆ ಬಿಟ್ಟ ಮೇಲೂ ಯಾರಾದರೊಬ್ಬರು, ಬಂದು ಅದನ್ನು ಬಿಚ್ಚಿ ತಮ್ಮದನ್ನು ಸಿಕ್ಕಿಸುತ್ತಿದ್ದರು. ಹೀಗೆ ಒಬ್ಬರದನ್ನೊಬ್ಬರು ಬಿಚ್ಚುತ್ತ ವರ್ಷವಿಡೀ ಅಂಟು ಹಚ್ಚಿದೆವು, ಯಾವುದೂ ಅಂಟಲಿಲ್ಲ. ಶನಿವಾರ ಕೊನೆಗೆ ಸಿಕ್ಕಿಸಿದ್ದು ಮಾತ್ರ ಭಾನುವಾರದ ದಯೆಯಿಂದ ಗಟ್ಟಿಯಾಗುತ್ತಿತ್ತು.

ಎಂಟನೇ ತರಗತಿಯ ಒಬ್ಬಳು ಅಮ್ಮನಿಗೆ ಕೂರಲೆಂದು ಮಣೆ ಮಾಡುತ್ತಿದ್ದಳು. ಬಾಗಲಕೋಟೆ ಕಡೆಯವರು, ಬನ್ನಂಜೆಯಲ್ಲಿ ಏಳುತ್ತಿದ್ದ ಕಟ್ಟಡದ ಶೆಡ್ಡಿನಲ್ಲೇ ವಾಸ. ಅಮ್ಮ ಇಟ್ಟಿಗೆಯ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದಳಂತೆ. ಒಂದು ಶನಿವಾರದ ಸರದಿ ಸಿಕ್ಕಿ, ಮಣೆಯ ಎರಡು ಕಾಲುಗಳಲ್ಲಿ ಒಂದು ಭದ್ರವಾಗಿ ಕೂತಿತು. ಮುಂದಿನ ಶುಕ್ರವಾರ ಓಡಿಬಂದಳು.

"ಸರ್, ನಾಳೆ ನಂದಿಕೂರಿಗೆ ಹೊಂಟೀವ್ರಿ, ಅಲ್ಲಿ ಕೆಲಸ ಐತಂತ. ಇವತ್ತ ಇನ್ನೊಂದು ಕಾಲು ಕೂಡಸ್ತೀನ್ರಿ. ಯಾರೂ ಬಿಚ್ಚದಂಗ ನೋಡ್ಕೋರಿ."

ನೋಡಿಕೊಳ್ಳುತ್ತೇನೆ ಎಂದೆ. ಸಂಜೆ ನಾನೇ ಕ್ಲ್ಯಾಂಪ್ ಬಿಗಿ ಮಾಡಿ, ಕೋಣೆಗೆ ಬೀಗ ಹಾಕಿ, ಬೀಗದ ಕೈ ಆಫೀಸಿನಲ್ಲಿಟ್ಟು ಮನೆಗೆ ಹೋದೆ.

ಬೆಳಿಗ್ಗೆ ಬಂದು ನೋಡಿದರೆ ಕ್ಲ್ಯಾಂಪಿನಲ್ಲಿ ವಿಜ್ಞಾನ ಪ್ರದರ್ಶನದ ಗಾಳಿಯಂತ್ರ. ಮಣೆ ಅಕ್ಕಿಮೂಟೆಯ ಮೇಲೆ ಬಿದ್ದಿತ್ತು. ಹೆಡ್‌ಮಾಸ್ಟರ ಕೋಣೆಗೆ ಹೋಗಿ ಕೂಗಾಡಿದೆ.

"ಎಂತ ಮಾಡುವುದು ಮಾರಾಯ್ರೆ? ಸೋಮವಾರ ಪ್ರದರ್ಶನ ಉಂಟು. ಇರುವುದು ಒಂದೇ ಅಲ್ವಾ?" ಎಂದರು.

ಅವರದೂ ತಪ್ಪೆನ್ನುವಂತಿರಲಿಲ್ಲ. ಬೈಯಲೂ ಯಾರೂ ಸಿಗದಂಥ ದರಿದ್ರ ಕೋಣೆ ನಮ್ಮದು.

ನಾನು ಕ್ರಾಫ್ಟ್ ಕೋಣೆಗೆ ಮರಳುವಷ್ಟರಲ್ಲಿ ಹುಡುಗಿ ಬಂದಳು. ಗೇಟಿನ ಹೊರಗೆ ಸಾಮಾನು ತುಂಬಿದ ಟೆಂಪೋ ನಿಂತಿತ್ತು. ಮಣೆ ಎತ್ತಿಕೊಂಡಳು, ಹೊಸ ಕಾಲು ಕಳಚಿ ಕೆಳಗೆ ಬಿತ್ತು. ಅವಳು ಸುತ್ತಿಗೆ ತೆಗೆದುಕೊಂಡು, ಗಟ್ಟಿಯಾಗಿ ಕೂತಿದ್ದ ಹಳೆಯ ಕಾಲನ್ನು ಬಡಿಯತೊಡಗಿದಳು.

"ಎಂತ ಮಾಡ್ತಿದ್ದೀ ನೀನು?" ಎಂದೆ.

"ಹಲಗಿ ಸಮ ಆಗಬೇಕಲ್ರಿ ಸರ್. ಅವ್ವ ನೆಲದ ಮ್ಯಾಲ ಹಾಕ್ಕೊಂಡು ಕುಂದರ್ತಾಳ."

ಆ ಕಾಲು ಸುಲಭಕ್ಕೆ ಬಿಡಲಿಲ್ಲ. ಹೊರಗೆ ಟೆಂಪೋದವನು ಹಾರ್ನ್ ಹೊಡೆಯುತ್ತಲೇ ಇದ್ದ. ಕೊನೆಗೆ ಅವಳ ಕೈಯಿಂದ ಸುತ್ತಿಗೆ ತೆಗೆದುಕೊಂಡು ನಾನೇ ಬಡಿದು ಬಿಡಿಸಿಕೊಟ್ಟೆ.